ರೂಡಿಯನ್ನು ತೆಗೆಯುವ ಹೊತ್ತು

ಜೂನ್ ತಿಂಗಳಲ್ಲಿ ಬೀವರ್ಸ್ ಬೇಸ್‌ಬಾಲ್ ತಂಡದ ಮಾಲೀಕ ಪ್ರೆಂಟಿಸ್ ಸಾಹೇಬರು ಚೆಂಡೆಸೆಯುವ ಮೂವರು ಪಿಚರ್‌ಗಳನ್ನು ಬೇರೆ ತಂಡಕ್ಕೆ ಮಾರಿ, ಆ ಹಣದಲ್ಲಿ ಮೈದಾನಕ್ಕೆ ಹೊಸ ಸ್ಕೋರ್‌ಬೋರ್ಡ್ ಹಾಕಿಸಿದರು.

ಆಗಸ್ಟಿನ ಹೊತ್ತಿಗೆ ಆ ಬೋರ್ಡು ಸೋಲನ್ನು ಮೂರು ಬಣ್ಣಗಳಲ್ಲಿ ಬಹಳ ಸ್ಪಷ್ಟವಾಗಿ ತೋರಿಸುತ್ತಿತ್ತು. ಒಂಬತ್ತನೇ ಇನ್ನಿಂಗ್ಸಿಗೆ ಬಂದು ಗೆಲುವಿಗೆ ಬೀಗ ಹಾಕಬೇಕಾದ ಕ್ಲೋಸರ್ ರೂಡಿ ಸೋಬ್‌ಚಾಕ್, ಸತತ ನಾಲ್ಕು ಪಂದ್ಯಗಳಲ್ಲಿ ಬೀಗ ತೆರೆದು ಎದುರಾಳಿಗಳನ್ನು ಒಳಗೆ ಕರೆದು ಕೂರಿಸಿದ್ದ. ಅವನದು ಹನ್ನೊಂದು ದಿನ ಬಿಡುವಿಲ್ಲದೆ ಎಸೆದ ತೋಳು ಎಂಬುದನ್ನು ಮಾತ್ರ ಬೋರ್ಡು ತೋರಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮ್ಯಾನೇಜರ್ ಹಾರ್ಲನ್ ಬೂಚೆಕ್ ತಿಂಡಿಗೆ ಕೂತರೆ, ಹೋಟೆಲಿನ ಮಾರ್ಲೀನ್ ತಟ್ಟೆಯನ್ನು ಕೆಳಗಿಡಲೇ ಇಲ್ಲ.

"ರೂಡೀನ ಯಾವಾಗ ತೆಗೀತೀರಿ? ಹೇಳಿ, ಆಮೇಲೆ ತಟ್ಟೆ ಇಡ್ತೀನಿ."

"ತೆಗೆದು ಯಾರನ್ನ ಹಾಕ್ಲಿ ತಾಯಿ? ನಿನ್ನನ್ನಾ?"

"ನಾನು ಈ ತಟ್ಟೆ ಎಸೆದ್ರೂ ಅವನ ಚೆಂಡಿಗಿಂತ ನೇರ ಹೋಗುತ್ತೆ."

ಅಲ್ಲಿಂದ ಹಲ್ಲು ತೋರಿಸಲು ಹೋದರೆ, ಹಲ್ಲಿನ ಡಾಕ್ಟರು ಇನ್ನೂ ಜಾಣರು. ಬೂಚೆಕ್‌ನ ಬಾಯಿಗೆ ಎರಡು ಕೈ, ಒಂದು ಡ್ರಿಲ್ ತುರುಕಿದ ಮೇಲೆಯೇ ಚರ್ಚೆ ಶುರುಮಾಡಿದರು. "ಕೆಟ್ಟ ಹಲ್ಲು, ಕೆಟ್ಟ ಕ್ಲೋಸರು, ಎರಡನ್ನೂ ಕಿತ್ತೇಬಿಡ್ಬೇಕು. ಏನಂತೀರಿ?"

"ಆಆ..."

"ನೋಡಿ, ಒಪ್ಕೊಂಡ್ರಿ!"

ಮೈದಾನದ ಬಾಗಿಲಲ್ಲಿ ಪ್ರೆಂಟಿಸ್ ಸಾಹೇಬರೇ ನಿಂತಿದ್ದರು. "ಇವತ್ತು ಸೋತ್ರೆ ನಿನ್ನ ಗಂಟುಮೂಟೆ ಕಟ್ಟಿಟ್ಕೋ, ಬೂಚೆಕ್."

"ರೂಡಿ ಬಿಟ್ರೆ ಉಳಿದಿರೋ ಪಿಚರ್ ಏಮಸ್ ಒಬ್ಬನೇ, ಸಾರ್. ಅವನಿಗೆ ನೀವು ಬೀವರ್ ವೇಷ ಹಾಕ್ಸಿದ್ದೀರಿ."

ತಂಡದ ಲಾಂಛನವಾದ ಬೀವರ್ ಪ್ರಾಣಿಯ ವೇಷದಲ್ಲಿ, ಬಿಡುವಿನಲ್ಲಿ ಚಪ್ಪಟೆ ಬಾಲ ಅಲ್ಲಾಡಿಸಿ ಕುಣಿದು ಜನರನ್ನು ನಗಿಸುತ್ತಿದ್ದವನನ್ನು ಖರ್ಚು ಉಳಿಸಲು ಮನೆಗೆ ಕಳಿಸಿ, ಆ ಉಡುಪನ್ನು ಏಮಸ್‌ಗೆ ತೊಡಿಸಲಾಗಿತ್ತು.

"ಚೆನ್ನಾಗಿ ಕುಣೀತಾನೆ," ಎಂದು ಸಾಹೇಬರು ಹೆಮ್ಮೆಪಟ್ಟರು.

ಮಧ್ಯಾಹ್ನ, ಒಂಬತ್ತನೇ ಇನ್ನಿಂಗ್ಸು. ಒಂದೇ ರನ್ನಿನ ಮುನ್ನಡೆ. ರೂಡಿ ಇಬ್ಬರನ್ನು ಹೇಗೋ ಔಟ್ ಮಾಡಿ, ಆಮೇಲೆ ಗುರಿ ತಪ್ಪಿದ ಎಸೆತಗಳಿಂದ ಇಬ್ಬರಿಗೆ ಪುಕ್ಕಟೆಯಾಗಿ ಬೇಸ್ ದಾನ ಮಾಡಿದ. ಬೂಚೆಕ್ ಪಿಚರ್ ನಿಲ್ಲುವ ದಿಬ್ಬಕ್ಕೆ ನಡೆದುಹೋದ.

"ಭುಜ ಹೇಗಿದೆಯಪ್ಪಾ?"

"ಎಲ್ಲಿದೆ ಅಂತ ಕೇಳಿ, ಗುರುವೇ."

"ಇನ್ನೊಬ್ಬ ಔಟಾದ್ರೆ ಮುಗೀತು. ತಡ್ಕೋ."

ಬೂಚೆಕ್ ವಾಪಸಾದ. ಮುಂದಿನವನಿಗೂ ದಾನವಾಯಿತು, ಮೂರು ಬೇಸ್‌ಗಳೂ ಭರ್ತಿ. "ತೆಗೀರಿ ಅವನ್ನ!" ಎಂದು ಊರಿಗೆ ಊರೇ ಅರಚಿತು. ರೂಡಿ ತೋಳು ಹಿಡಿದು ಮೊಣಕಾಲೂರಿದ. ಬೂಚೆಕ್ ಹಿಂದುಮುಂದು ನೋಡದೆ ದಿಬ್ಬಕ್ಕೆ ಓಡಿದ. ಹುಡುಗನನ್ನು ಎತ್ತಿ ನಿಲ್ಲಿಸಬೇಕೆಂಬುದೊಂದೇ ತಲೆಯಲ್ಲಿತ್ತು. ಮೂವತ್ತು ವರ್ಷದ ಅನುಭವ ಬೆಂಚಿನ ಮೇಲೆಯೇ ಉಳಿಯಿತು.

ಅಂಪೈರ್ ಖುಷಿಯಾಗಿ ಬೆರಳೆತ್ತಿದ. "ಒಂದೇ ಇನ್ನಿಂಗ್ಸಲ್ಲಿ ಎರಡನೇ ಸಲ ದಿಬ್ಬಕ್ಕೆ ಬಂದ್ರಿ. ನಿಯಮದ ಪ್ರಕಾರ ಪಿಚರ್ ಹೊರಗೆ!"

ರೂಡಿ ತಲೆ ತಗ್ಗಿಸಿ ನಡೆದ. ಇಡೀ ದಿನ ಅವನನ್ನು ತೆಗೆಯಿರೆಂದು ಬೊಬ್ಬೆ ಹೊಡೆದಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಪಾಪ, ಆ ಹುಡುಗನ್ನ ತೆಗೆದುಬಿಟ್ಟನಲ್ಲಾ, ಕಟುಕ!" ಎಂದು ಮಾರ್ಲೀನ್ ಬೂಚೆಕ್‌ನತ್ತ ಕಡಲೆಕಾಯಿ ಎಸೆದಳು. ನಿಜಕ್ಕೂ ನೇರ ಬಂದು ಬಡಿಯಿತು.

ಏಮಸ್ ಓಡಿಬಂದ. ಜಿಪ್ಪು ಸಿಕ್ಕಿಹಾಕಿಕೊಂಡು ವೇಷ ಬಿಚ್ಚಲಾಗಲಿಲ್ಲ. ಅಂಪೈರ್ ನಿಯಮದ ಪುಸ್ತಕ ತಿರುವಿ, "ಬಾಲದ ಬಗ್ಗೆ ಏನೂ ಬರೆದಿಲ್ಲ" ಎಂದ. ಎರಡು ಉದ್ದ ಹಲ್ಲಿನ ಬೀವರ್ ಚೆಂಡೆಸೆಯುವುದನ್ನು ಬ್ಯಾಟುಗಾರ ಬಾಯಿಬಿಟ್ಟು ನೋಡುತ್ತಿದ್ದಂತೆಯೇ ಮೂರು ಸ್ಟ್ರೈಕ್ ಆಗಿ ಅವನು ಔಟಾಗಿಹೋದ. ಗೆಲುವು!

ಪ್ರೆಂಟಿಸ್ ಸಾಹೇಬರು ಇಳಿದುಬಂದು ಎರಡೇ ನಿಮಿಷದಲ್ಲಿ ಆಡಳಿತ ಮುಗಿಸಿದರು. "ರೂಡಿ, ನೀನು ಮನೆಗೆ ಹೊರಡು. ಏಮಸ್, ನಾಳೆಯಿಂದ ನೀನೇ ಕ್ಲೋಸರ್. ವೇಷ ಬಿಚ್ಚು."

ಬೆಳಿಗ್ಗೆಯಿಂದ ಕಟ್ಟಿದ್ದ ಉಸಿರನ್ನು ಬೂಚೆಕ್ ಆಗಷ್ಟೇ ಬಿಟ್ಟಿದ್ದ. ಏಮಸ್ ಬೀವರ್ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.

"ಇಲ್ಲ ಸಾರ್. ಈ ಊರು ಬೀವರ್‌ಗೆ ಒಂದು ದಿನಾನೂ ಬೈದಿಲ್ಲ."

"ಬಿಚ್ಚಿಸು ಬೂಚೆಕ್! ನಾಳೆ ಸೋತ್ರೆ ನೀನೂ ಹೊರಗೆ!"

"ಏಮಸ್, ಮಗಾ," ಬೂಚೆಕ್ ಗೋಗರೆದ, "ನಾಳೆ ಕೊನೇಲಿ ಎಸೆಯೋರು ಯಾರೋ?"

"ಸ್ಕೋರ್‌ಬೋರ್ಡಿದೆಯಲ್ಲಾ, ಅದಕ್ಕೆ ಹೇಳಿ. ನಾನಂತೂ ಬಿಚ್ಚಲ್ಲ."