ನಮ್ಮ ಸ್ಪೋರ್ಟ್ಸ್ ಕಾರಿನ ಅಚ್ಚು ಹುಟ್ಟಿದ್ದು ಹಿಂಗ

ಫೈಬರ್ ಕೆಲಸಕ್ಕ ಕೈ ಹಾಕಿದವನ ಜೀವನದಾಗ ಒಂದು ದಿನಾನೂ ಸುಮ್ನ ಹೋಗಂಗಿಲ್ರಿ. ಏನರ ಒಂದು ಅಂಟ್ಕೊಂತೈತಿ, ಕೈಗೆ ಇಲ್ಲಾ ಹಣೇಬರಕ್ಕ.

ಬೆಟಗೇರಿಯೊಳಗ ನನ್ನದೊಂದು ತಗಡಿನ ಶೆಡ್ ಐತಿ. ಕೂಲರಿನ ಡಬ್ಬಿ, ಬಚ್ಚಲಮನಿ ಬಾಗಲಾ, ಕಲ್ಯಾಣ ಮಂಟಪದ ಮುಂದ ಸೊಂಡಿ ಎತ್ತಿ ನಿಲ್ಲೂ ಆನಿ, ಇಂಥಾವು ಮಾಡಿಕೋತ ಬಂದವ ನಾ. ಈಗ ಸ್ಪೋರ್ಟ್ಸ್ ಕಾರಿನ ಬಾಡಿ ಮಾಡ್ತೀನಿ! ಕೆಂಪಗ, ನೆಲಕ್ಕ ಹೊಟ್ಟಿ ಹಚ್ಚಿ ಕುಂತಂಥಾದ್ದು, ಎರಡ ಬಾಗಲದ್ದು. ಒಳಗ ಹಳೇ ಸಣ್ಣ ಕಾರಿನ ಇಂಜಿನ್ನು, ಮ್ಯಾಲೆ ನಮ್ಮ ಬಾಡಿ. ರಸ್ತಾಕ್ಕ ಇಳದ್ರ ಮಂದಿ ಚಹಾ ಬಿಟ್ಟು ಓಡಿ ಬರ್ತಾರ. ಮೂರು ಗಾಡಿ ಈಗಾಗ್ಲೇ ಹೋಗ್ಯಾವ. ನೋಡಿದವ್ರೆಲ್ಲಾ ಕೇಳೂದು ಒಂದ: "ಇದರ ಅಚ್ಚು ಎಲ್ಲಿಂದ ತರಿಸಿದ್ರಿ? ಇಟಲೀನೋ, ಜರ್ಮನೀನೋ?"

ಖರೆ ಹೇಳಿದ್ರ ಯಾರೂ ನಂಬಂಗಿಲ್ಲ. ಆದ್ರೂ ಹೇಳ್ತೀನಿ.

ಗಾಳಿ ಕಿಂಡಿ

ಎಲ್ಲಾ ಶುರು ಆಗಿದ್ದು ಲಕ್ಷ್ಮೇಶ್ವರದ ಒಬ್ಬ ಸಾವ್ಕಾರ್ರಿಂದ. ಕಡ್ಲಿ, ಶೇಂಗಾ ವ್ಯಾಪಾರದವ್ರು. ಅರವತ್ತು ದಾಟೈತಿ, ಹುರುಪು ಮಾತ್ರ ಇಪ್ಪತ್ತರದ್ದು. ಒಂದಿನ ಶೆಡ್ಡಿಗೆ ಬಂದವ್ರ, ಚೀಲದಾಗಿಂದ ಗೇಣುದ್ದದ ಒಂದು ಆಟಿಗಿ ಕಾರು ತಗದು ನನ್ನ ಮುಂದ ಇಟ್ರು.

"ಮಿಸ್ತ್ರಿ, ಸಣ್ಣಾಂವಿದ್ದಾಗಿಂದ ಇಂಥಾದ್ದೊಂದು ಹೊಡೀಬೇಕು ಅಂತ ಆಸೆ. ಇದನ್ನ ದೊಡ್ಡದು ಮಾಡಿಕೊಡ್ರಿ."

ನಾನೂ ನಮ್ಮ ಮನಿಯಾಕಿನೂ ಕುಣದಾಡಿಬಿಟ್ವಿ! ಫೈಬರ್ ಕೆಲಸದ ಲೆಕ್ಕ ಸರಳ ಐತ್ರಿ. ಮೊದ್ಲ ಒಂದು ಮಾದರಿ ಬೇಕು. ಮಾದರಿ ಮ್ಯಾಲೆ ಅಚ್ಚು ತಗೀಬೇಕು. ಆಮ್ಯಾಲೆ ಆ ಅಚ್ಚಿನೊಳಗ ಗಾಡಿ ಮಾಡಬೇಕು. ಮನಿಯಾಕಿ ಹೊಲಿಗಿ ಟೇಪ್ ತಗೊಂಡು ಆಟಿಗಿ ಕಾರು ಅಂಗುಲ ಅಂಗುಲ ಅಳದ್ಲು. ನಾ ಎಲ್ಲಾದನ್ನೂ ಇಪ್ಪತ್ತರಿಂದ ಗುಣಿಸಿದೆ. ಪ್ಲೈವುಡ್ಡು, ಥರ್ಮೋಕೋಲು, ಪ್ಲಾಸ್ಟರು ಹಾಕಿ ಒಂದು ತಿಂಗಳದಾಗ ಮಾದರಿ ನಿಲ್ಲಿಸಿದ್ವಿ. ಮುಂದಿನ ಬಾನೆಟ್ ಮ್ಯಾಲೆ ನಾಕು ತಗ್ಗು ಇದ್ವು, ಸಾಲಾಗಿ, ಸ್ವಲ್ಪ ಬಾಗಿ. ಅವನ್ನ ಕೆತ್ತಾಕನ ಮೂರು ದಿನ ಹಿಡೀತು.

ಸಾವ್ಕಾರ್ರು ಬಂದು ಸುತ್ತು ಹಾಕಿದ್ರು. ತಗ್ಗಿನ ಮುಂದ ನಿಂತ್ರು.

"ಇವೇನ್ರಿ?"

"ಗಾಳಿ ಕಿಂಡಿ, ಸಾವ್ಕಾರ್ರ! ಇಂಜಿನ್ ತಣ್ಣಗಿರಾಕ. ಆಟಿಗ್ಯಾಗ ಹೆಂಗದಾವೋ ಹಂಗ, ಕೂದಲೆಳಿಯಷ್ಟೂ ಹೆಚ್ಚು ಕಡಿಮಿ ಇಲ್ಲ."

ಸಾವ್ಕಾರ್ರು ಬಗ್ಗಿ, ಒಂದೊಂದು ತಗ್ಗಿನ್ಯಾಗೂ ಬೆರಳು ಇಟ್ಟು ನೋಡಿ ಅಂದ್ರು:

"ಮಿಸ್ತ್ರಿ, ಇವು ನಮ್ಮ ಮೊಮ್ಮಗಳು ಕಚ್ಚಿದ ಹಲ್ಲು!"

ಕಾವು

ಹಲ್ಲು ಮುಚ್ಚಬಹುದಿತ್ತು. ಆದ್ರ ಸಾವ್ಕಾರ್ರು ಒಳಗ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಿದ್ವು. ಆಟಿಗ್ಯಾಗ ಮನಷ್ಯಾ ಕುಂಡ್ರೂದು ಎಲ್ಲೈತಿ? ಆ ಮಾದರಿ ಬಿಟ್ವಿ.

ಅಷ್ಟರಾಗ ಒಂದು ಖಬರ ಬಂತು. ಮುಂಡರಗಿ ಕಡೆ ಒಂದು ಹಳ್ಳ್ಯಾಗ, ಸಿನಿಮಾದವ್ರು ಯಾವಾಗೋ ಬಿಟ್ಟು ಹೋದ ಫೈಬರ್ ಕಾರಿನ ಬಾಡಿ ಐತಂತ! ಅದನ್ನ ಮಾದರಿ ಮಾಡಿಕೊಂಡ್ರಾತು ಅಂತ ಆ ಕ್ಷಣಕ್ಕ ಗಂಡ ಹೆಂಡ್ತಿ ಬೈಕ್ ಹತ್ತಿದ್ವಿ. ಹೋಗಿ ನೋಡಿದ್ರ, ಒಬ್ಬ ಅಜ್ಜಿಯ ಹಿತ್ತಲದಾಗ, ಬದನಿ ಗಿಡದ ನಡುವ ಕುಂತಿತ್ತು. ಬಣ್ಣ ಹೋಗಿತ್ತು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಆದ್ರ ಏನು ಮೈಕಟ್ಟು! ಮನಿಯಾಕಿ ನನ್ನ ತೋಳು ಗಟ್ಟಿ ಹಿಡದ್ಲು. ಕಾರಿನ ಕಿಡಕಿಯೊಳಗಿಂದ ಐದಾರು ಕೋಳಿ ನಮ್ಮನ್ನ ನೋಡಾಕತ್ತಿದ್ವು.

ಅಜ್ಜಿ ಅಂದ್ಲು, "ಒಯ್ಯೋ ತಮ್ಮಾ. ಆದ್ರ ಮಳಿಗಾಲಕ್ಕ ಮುಂಚೆ ತಿರುಗಿ ತಂದಿಡಬೇಕು. ಒಡದ್ಯೋ, ನನ್ನ ಕೋಳಿ ಎಲ್ಲಾ ನಿನ್ನ ಮನ್ಯಾಗ ಬಿಡ್ತೀನಿ. ಇನ್ನೊಂದು ಮಾತು. ಡ್ರೈವರ್ ಕುಂಡ್ರೂ ಜಾಗಾದಾಗ ಒಂದು ಕಾವಿಗೆ ಕುಂತೈತಿ. ಮರಿ ಹೊರಗ ಬರೂತನಕ ಮುಟ್ಟಂಗಿಲ್ಲ."

ಕಾದ್ವಿ. ಏನ್ ಮಾಡೂದು? ಸಾವ್ಕಾರ್ರಿಗೆ ಮಾತ್ರ ತಡಿಯಂಗಿಲ್ಲ. ಫೋನ್ ಬಂತು.

"ಮಿಸ್ತ್ರಿ, ಗಾಡಿ ಎಲ್ಲೀಗೆ ಬಂತು?"

ನಾ ಅವಸರದಾಗ ಇದ್ದೆ. "ಇನ್ನ ತತ್ತಿ ಒಡದಿಲ್ರಿ," ಅಂದೆ.

"ಏನಂದ್ರಿ?"

"ಹನ್ನೆರಡು ತತ್ತಿ ಅದಾವ್ರಿ. ಎಲ್ಲಾ ಒಡದ ಮ್ಯಾಲೆನ ಗಾಡಿ ಕೆಲಸ ಶುರು."

ಸಾವ್ಕಾರ್ರು ಸಣ್ಣ ದನಿಯೊಳಗ ಅಂದ್ರು: "ಮಿಸ್ತ್ರಿ, ಆ ಫೈಬರಿನ್ಯಾಗ ಏನೇನು ಕಲಸ್ತಾರೋ ನನಗ ಗೊತ್ತಿಲ್ಲ. ಆದ್ರ ನಾವು ತತ್ತಿ ಮುಟ್ಟೂ ಮಂದಿ ಅಲ್ಲ!"

ಮಾಸ್ತರ್ರ ಧೋತ್ರ

ಮರಿ ಹೊರಗ ಬಂದ್ವು, ಬಾಡಿ ಟ್ರ್ಯಾಕ್ಟರ್ ಏರಿ ಬೆಟಗೇರಿಗೆ ಬಂತು. ತೊಳದು, ಬಿರುಕು ಮುಚ್ಚಿ, ಕೆಂಪು ಬಣ್ಣ ಹಚ್ಚಿದ್ವಿ. ಮನಿಯಾಕಿ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ, "ಇಲ್ಲಿ ಉಬ್ಬೈತಿ, ಇಲ್ಲಿ ತಗ್ಗೈತಿ" ಅಂತ ಹೇಳ್ತಿದ್ಲು, ನಾ ಉಜ್ಜತಿದ್ದೆ. ಕಡೀಗೆ ಕನ್ನಡಿ ಹಂಗ ಆತು. ಅಚ್ಚು ಅಂಟಬಾರದು ಅಂತ ಮ್ಯಾಲೆ ಮೇಣ ತಿಕ್ಕಿದ್ವಿ.

ಇನ್ನ ಅಚ್ಚು ಹಾಕೂದು. ನಮ್ಮ ಬ್ಯಾಸಿಗ್ಯಾಗ ಫೈಬರಿನ ಅಂಟು ಕಲಸಿದ್ರ ಹತ್ತ ನಿಮಿಷದಾಗ ಕಲ್ಲಾಗ್ತೈತಿ. ಅಷ್ಟರಾಗ ಗಾಜಿನ ನಾರಿನ ಹಾಳಿ ಇಟ್ಟು, ಅಂಟು ಬಳದು, ಮತ್ತೊಂದು ಹಾಳಿ ಇಡಬೇಕು. ಉಸಿರು ಬಿಡಾಕ ಪುರಸೊತ್ತಿಲ್ಲ. ಪಕ್ಕದ ಮನಿಯ ರಿಟೈರ್ಡ್ ಮಾಸ್ತರ್ರು ದಿನಾ ಬಂದು ಕುರ್ಚಿ ಹಾಕ್ಕೊಂಡು ಸಲಹಾ ಕೊಡವ್ರು. ಅವತ್ತು ಕುರ್ಚಿ ಇನ್ನಷ್ಟು ಹತ್ರ ಎಳಕೊಂಡಿದ್ರು.

"ಇಲ್ಲಿ ಯಾಕೋ ದಪ್ಪ ಬಂತಲ್ರಿ?" ಅಂದ್ಲು ಮನಿಯಾಕಿ.

"ಇರ್ಲಿ, ಗಟ್ಟಿ ಆಗ್ತೈತಿ. ಜಲ್ದಿ ಬಳಿ!" ಅಂದೆ ನಾ.

ಅರ್ಧಾ ತಾಸು ಬಿಟ್ಟು ಮಾಸ್ತರ್ರು ಊಟಕ್ಕ ಎದ್ರು. ಎದ್ದವ್ರು ಹಂಗ ಕುಂತ್ರು. ಅವರ ಧೋತ್ರದ ಚುಂಗು ಎರಡು ಹಾಳಿ ನಡುವ ಸೇರಿ ಕಲ್ಲಾಗಿತ್ತು! ಮನಿಯಾಕಿ ಕತ್ತರಿ ತಂದ್ರ, "ಬ್ಯಾಡವಾ, ಹೊಸಾ ಧೋತ್ರ!" ಅಂತ ಚೀರಿದ್ರು. ಕಡೀಗೆ ನಮ್ಮ ಚಾದರ ಸುತ್ತಿಕೊಂಡು ಮನಿಗೆ ಹೋದ್ರು. ಧೋತ್ರ ಇಲ್ಲೆ ಉಳೀತು.

ಮರುದಿನ ಬಂದು ಅಚ್ಚಿನ ಮೈ ಸವರಿ ಅಂದ್ರು: "ಎಷ್ಟು ಸಲಹಾ ಕೊಟ್ಟೆ, ಒಂದನ್ನೂ ಒಳಗ ಹಾಕ್ಕೊಳ್ಳಲಿಲ್ಲ. ಬಿಡು, ಧೋತ್ರನರ ಹಾಕ್ಕೊಂಡ್ಯಲ್ಲ!"

ಗಾಡಿ ಪೂಜಾ

ಅಚ್ಚು ಒಣಗ್ತು. ಇನ್ನ ಬಾಡಿ ಮ್ಯಾಲಿಂದ ಎಬ್ಬಿಸಬೇಕು. ಎಳದ್ವಿ, ಬರಲಿಲ್ಲ! ಕಟಗಿ ಬೆಣಿ ಬಡದ್ವಿ, ರಬ್ಬರ್ ಸುತ್ತಗಿ ತಗೊಂಡು ಸುತ್ತ ತಟ್ಟಿದ್ವಿ. ಎರಡು ದಿನ ಆತು, ಜಪ್ಪಯ್ಯ ಅಂದ್ರೂ ಜರುಗಲಿಲ್ಲ. ಜೋರು ಮಾಡಿದ್ರ ಅಚ್ಚೂ ಒಡೀತೈತಿ, ಅಜ್ಜಿಯ ಬಾಡೀನೂ ಒಡೀತೈತಿ. ಮನಿಯಾಕಿ ಮೂಲ್ಯಾಗ ಕುಂತಿದ್ಲು. ಮೂರು ತಿಂಗಳು ಉಜ್ಜಿ ಉಜ್ಜಿ ಆಕಿ ಅಂಗೈ ಗೆರಿ ಸವದಿದ್ವು.

ಆವಾಗ ಬಾಗಲದಾಗ ಎರಡು ಜೀಪು ಬಂದು ನಿಂತ್ವು. ಸಾವ್ಕಾರ್ರು, ಅವರ ಹೆಂಡ್ತಿ, ಮಕ್ಕಳು, ಬೀಗರು, ಕೈಯಾಗ ಹೂವಿನ ಹಾರ, ಜೊತಿಗೆ ಪೂಜಾ ಮಾಡೂ ಐನೋರು! "ಅಚ್ಚು ಮುಗೀತು" ಅಂತ ನಾ ಫೋನಿನ್ಯಾಗ ಹೇಳಿದ್ದನ್ನ, "ಗಾಡಿ ಮುಗೀತು" ಅಂತ ಸಾವ್ಕಾರ್ರು ಕೇಳಿಸಿಕೊಂಡಿದ್ರು.

ಅಚ್ಚಿನ ಒಳಮೈ ನುಣ್ಣಗ ಇದ್ರೂ ಹೊರಮೈ ಒರಟು. ನಾರು ಎದ್ದು ನಿಂತಿರ್ತಾವ.

ಸಾವ್ಕಾರ್ರ ಹೆಂಡ್ತಿ ಕೇಳಿದ್ರು, "ಇದಕ್ಯಾಕ ಮೈತುಂಬ ಕೂದ್ಲಾ?"

ಐನೋರು ನಿಂಬಿಹಣ್ಣು ಹಿಡಕೊಂಡು ಸುತ್ತ ತಿರುಗಿ ಕೇಳಿದ್ರು, "ಗಾಲಿ ಎಲ್ಲಿ?"

"ಇನ್ನ ಹಚ್ಚಿಲ್ರಿ," ಅಂದೆ.

ಬಂದವ್ರು ತಿರುಗಿ ಹೋಗೂದು ಹೆಂಗ ಅಂತ ಐನೋರು ಪೂಜಾ ಶುರು ಮಾಡಿಬಿಟ್ರು. ಕುಂಕುಮ ಹಚ್ಚಿದ್ರು, ಹಾರ ಹಾಕಿದ್ರು. ನಾ "ಅಲ್ಲಿ ಬ್ಯಾಡ್ರೀ" ಅಂತ ಓಡೂದ್ರೊಳಗ ಟೆಂಗಿನಕಾಯಿ ಎತ್ತಿ ಅಚ್ಚಿನ ಅಂಚಿಗೆ ಹೊಡದ್ರು.

ಟಳ್!

ಕಾಯಿ ಎರಡು ಹೋಳಾತು. ನೀರು ಅಂಚಿನ ಸಂದಿಯೊಳಗ ಇಳೀತು. ಒಳಗ ಚಿಟಿ ಚಿಟಿ ಸಪ್ಪಳ. ಆಮ್ಯಾಲೆ ಫಟ್ ಅಂತ ಅಚ್ಚು ಗೇಣು ಮ್ಯಾಲೆ ಎದ್ದಿತು! ಮನಿಯಾಕಿ ಜಿಗದು ಎದ್ಲು. ಬೀಗರು, ಮಕ್ಕಳು, ಜೀಪಿನ ಡ್ರೈವರು, ಎಲ್ಲಾರೂ ಕೈ ಹಚ್ಚಿ ಎತ್ತಿದ್ವಿ. ಕೆಳಗ ಕೆಂಪಗ ಥಳಥಳ ಹೊಳಿಯೂ ಬಾಡಿ, ಒಂದು ಗೀರೂ ಬಿದ್ದಿರಲಿಲ್ಲ. ಏನು ಸೀಟಿ, ಏನು ಚಪ್ಪಾಳಿ!

ಸಾವ್ಕಾರ್ರು ಕಣ್ಣೀರು ಒರಸಿಕೋತ ಓಡಿ ಬಂದು ಅದನ್ನ ಅಪ್ಪಿಕೊಂಡ್ರು. "ನನ್ನ ಗಾಡಿ!"

"ಅದು ನಿಮ್ಮದಲ್ರಿ. ಮುಂಡರಗಿ ಕಡೆ ಅಜ್ಜೀದು, ಕೋಳಿಗೂಡು. ನಾಳೆ ತಿರುಗಿ ಹೋಗ್ತೈತಿ."

ಸಾವ್ಕಾರ್ರು ಅದನ್ನ ಬಿಟ್ಟು, ಎತ್ತಿಟ್ಟ ಅಚ್ಚಿನ ಕಡೆ ಓಡಿದ್ರು. "ಹಂಗಾರ ಇದು?"

"ಅದು ಅಚ್ಚು ರಿ. ನಂದು."

"ಅಲ್ರೀ ಮಿಸ್ತ್ರಿ, ಹಂಗಾರ ನನ್ನ ಗಾಡಿ ಎಲ್ಲಿ?"

ನಾ ಅಚ್ಚಿನ ಹೊಟ್ಟ್ಯಾಗಿನ ಖಾಲಿ ಜಾಗಾ ತೋರಿಸಿದೆ. "ಇದ್ರಾಗ ಐತ್ರಿ. ಇನ್ನ ಆಗಬೇಕು."

ಎಲ್ಲಾರೂ ಬಗ್ಗಿ ಆ ಖಾಲಿ ಹೊಟ್ಟಿ ನೋಡಿದ್ರು. ಐನೋರ ಕೈಯಾಗ ಆರತಿ ಉರೀತಿತ್ತು. ಅವ್ರು ಕೋಳಿಗೂಡು ನೋಡಿದ್ರು, ಅಚ್ಚು ನೋಡಿದ್ರು, ಸಾವ್ಕಾರ್ರ ಮಾರಿ ನೋಡಿದ್ರು. ಆಮ್ಯಾಲೆ ಸಾವಕಾಶ ಅಚ್ಚಿನ ಹೊಟ್ಟಿಗೆ ಆರತಿ ಬೆಳಗಿ ಅಂದ್ರು:

"ಚಿಂತಿ ಮಾಡಬ್ಯಾಡ್ರಿ ಸಾವ್ಕಾರ್ರ. ಇವತ್ತಿಂದು ಬಸುರಿಗೆ ಮಾಡೂ ಕುಬಸ ಅಂತ ತಿಳೀರಿ. ಗಾಡಿ ಪೂಜಾ ಹೆರಿಗಿ ಆದಮ್ಯಾಲೆ!"