ಬೆಲೆ ಇಳಿಯುತ್ತಿದ್ದ ಬೀದಿ

ಬಾಡಿಗೆದಾರನ ನಡುಮನೆಗೆ ಹಲ್ಲು ಕೀಳುವ ಕುರ್ಚಿಯೊಂದು ಬಂದು ಕೂತರೆ ಅದಕ್ಕೆ ಏನರ್ಥ? ಮನೆ ಖಾಲಿ ಮಾಡು ಎಂದೇ ಅರ್ಥ. ಮಹಡಿ ಮೇಲಿದ್ದ ಮಾಲೀಕರ ಮಗಳು ಹಲ್ಲಿನ ಡಾಕ್ಟರಾಗಿ ಪಾಸಾಗಿದ್ದಳು. ಕೆಳಗಿನ ಮನೆ ಅವಳ ಕ್ಲಿನಿಕ್ಕಿಗೆ ಎಂದು ತೀರ್ಮಾನವಾಗಿತ್ತು. "ಮೂರು ತಿಂಗಳು ಟೈಮಿದೆ, ನಿಧಾನಕ್ಕೆ ನೋಡ್ಕೊಳ್ಳಿ" ಎಂದಿದ್ದ ಮಾಲೀಕರು ಮರುದಿನವೇ ಆ ಕುರ್ಚಿಯನ್ನು ತಂದು ಇಳಿಸಿ, "ಭಾರ ನೋಡಿ, ಮೇಲಕ್ಕೆ ಹತ್ತಿಸೋಕಾಗಲ್ಲ. ಇಲ್ಲೇ ಒಂದು ಮೂಲೇಲಿ ಇರ್ಲಿ" ಎಂದು ಹೇಳಿ ಹೋದರು. ನಮ್ಮ ಸಾಹೇಬರು ಅಂದಿನಿಂದ ಅದರಲ್ಲೇ ಮಲಗಿದಂತೆ ಕೂತು ಪೇಪರ್ ಓದತೊಡಗಿದರು. (ಸುತ್ತಿದ್ದ ಪ್ಲಾಸ್ಟಿಕ್ ಬೆನ್ನಿಗೆ ಅಂಟುತ್ತಿತ್ತು. ಆದರೂ ಬಾಡಿಗೆ ಕೊಡುವವನಿಗೆ ಅಷ್ಟೂ ಹಕ್ಕಿಲ್ಲವೇ?)

ಸಾಹೇಬರೆಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು. ಇಪ್ಪತ್ತೆರಡು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮಾಡಿ, ಇಡೀ ಲೋಕದ ತಟ್ಟೆಯ ಅಡಿಯಲ್ಲಿ ಯಾರೋ ಅಯಸ್ಕಾಂತ ಅಂಟಿಸಿದ್ದಾರೆ ಎಂದು ಅವರು ನಂಬಿಬಿಟ್ಟಿದ್ದರು. ಅವರ ಕೆಲಸದ ಕ್ರಮವೇ ಬೇರೆ. ಅಂಗಡಿಗೆ ನೇರ ನುಗ್ಗುವಂತಿಲ್ಲ. ಎದುರುಗಡೆ ನಿಂತು, ಮಳೆ ಇರಲಿ ಬಿಡಲಿ, ಛತ್ರಿ ಬಿಚ್ಚಿ ಮುಖ ಮರೆಮಾಡಿಕೊಳ್ಳಬೇಕು. ಅಂಗಡಿಯವನ ಮುಖ ನೋಡಬಾರದು, ಹೆಬ್ಬೆರಳು ನೋಡಬೇಕು. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ನೋಡಿದ ಮೇಲಷ್ಟೇ ಬಾಯಿ ಬಿಡಬೇಕು. ಆ ಛತ್ರಿ ಕಪ್ಪನೆಯದು. ಅದು ಹರಿದಾಗ ಅಮ್ಮಾವರು, ಅಂದರೆ ಸಾಹೇಬರ ಧರ್ಮಪತ್ನಿ, ಕೆಂಪು ಹೂವಿನ ಬಟ್ಟೆಯ ತೇಪೆ ಹಾಕಿದ್ದರು. ಇನ್ನು ಸಾಹೇಬರ ಮೀಸೆಯೋ, ತಕ್ಕಡಿಯ ದಂಡದಂತೆ ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತಿತ್ತು.

ಅಮ್ಮಾವರು ಟೈಲರ್. ಮನೆಯಲ್ಲೇ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಬೀದಿಯಲ್ಲಿ ಹೋಗುವವರನ್ನು ಒಮ್ಮೆ ನೋಡಿದರೆ ಸಾಕು, ತೋಳು, ಎದೆ, ಸೊಂಟದ ಅಳತೆ ಹೇಳಿಬಿಡುವ ಹೆಂಗಸು. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಅವರಿಗೆ ಸಾಕಾಗಿತ್ತು.

"ಈ ಸಲ ಸ್ವಂತದ್ದೇ ಆಗ್ಬೇಕು ರೀ. ಮಗಳು ಎಂಟನೇ ಕ್ಲಾಸು. ಅವಳಿಗೊಂದು ಮೂಲೆ, ನನ್ನ ಮಿಷನ್ನಿಗೊಂದು ಕಿಟಕಿ. ಅರಮನೆ ಕೇಳ್ತಿಲ್ಲ ನಾನು."

"ಆಗ್ಲಿ ಕಣೇ. ಆದ್ರೆ ಮನೆ ಆಮೇಲೆ. ಮೊದಲು ಏರಿಯಾ ತೂಗ್ಬೇಕು."

ಹೀಗೆ ತೂಗಾಟ ಶುರುವಾಯಿತು. ಮೊದಲ ಬಡಾವಣೆಯಲ್ಲಿ ಬೀಗದಂಗಡಿಗಳು ಎರಡಿದ್ದವು. "ಬೀಗಕ್ಕೇ ಇಷ್ಟು ವ್ಯಾಪಾರ ಇದೆ ಅಂದ್ರೆ ಕಳ್ಳರು ಎಷ್ಟಿರ್ಬೇಕು?" ಎಂದು ಸಾಹೇಬರು ತಿರಸ್ಕರಿಸಿದರು. ಎರಡನೆಯದರಲ್ಲಿ ಒಂದೂ ಬೀಗದಂಗಡಿ ಇರಲಿಲ್ಲ. "ನೋಡ್ದಾ? ಬೀಗ ಹಾಕಿ ಪ್ರಯೋಜನ ಇಲ್ಲ ಅಂತ ಬಿಟ್ಟೇಬಿಟ್ಟಿದಾರೆ." ಮೂರನೆಯ ಕಡೆ ಜನ ಕರೆದು ಕೂರಿಸಿ ಟೀ ಕೊಟ್ಟರು. ಪರಿಚಯವಿಲ್ಲದವರಿಗೆ ಟೀ ಕೊಡುವ ಜನ ಬೆಲೆ ಇಲ್ಲದ ಜಾಗದಲ್ಲಿ ಮಾತ್ರ ಇರಲು ಸಾಧ್ಯ ಎಂದು ಸಾಹೇಬರು ವರದಿ ಬರೆದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಸಾಹೇಬರು ಕಲ್ಲು ಸಿಗದಿದ್ದರೆ ಮೊಸರಿನ ಮೇಲೇ ಕೇಸು ಹಾಕುವವರು.

ಎರಡು ತಿಂಗಳು ಹೀಗೇ ಕಳೆದವು. ಅಷ್ಟರಲ್ಲಿ ಮಾಲೀಕರು ಬಾಯಿ ಮುಕ್ಕಳಿಸುವ ಬೋಗುಣಿಯನ್ನೂ ತಂದು ಕುರ್ಚಿಗೆ ಜೋಡಿಸಿದರು.

ಆಗ ಅಮ್ಮಾವರೇ ಬ್ರೋಕರನ ಜೊತೆ ಹೋಗಿ ಒಂದು ಮನೆ ನೋಡಿ ಬಂದರು. ಬಿಸ್ಕತ್ತು ಕಾರ್ಖಾನೆಯ ಹಿಂದಿನ ಬೀದಿ. ಸಣ್ಣ ಮನೆ, ಆದರೆ ಮುಂದಿನ ಕೋಣೆಗೆ ಗೋಡೆಯ ಅರ್ಧದಷ್ಟು ಕಿಟಕಿ. ಒಡತಿ ನಿವೃತ್ತ ನರ್ಸಮ್ಮ. ಮಾರಿ ತಂಗಿಯ ಊರಿಗೆ ಹೋಗುವ ಯೋಚನೆ, ಆದರೆ ಅವಸರವೇನೂ ಇರಲಿಲ್ಲ. ಬೆಲೆ ಇವರ ಕೈಗೆ ಒಂದು ಗೇಣು ಮೇಲಿತ್ತು.

"ಕಿಟಕಿ ಹೇಗಿದೆ ಅಂತೀರಿ! ಸಂಜೆ ಆರರವರೆಗೂ ದೀಪ ಹಾಕದೆ ಸೂಜಿಗೆ ದಾರ ಪೋಣಿಸ್ಬಹುದು" ಎಂದರು ಅಮ್ಮಾವರು. "ನೀವೂ ಒಂದ್ಸಲ ಬನ್ನಿ. ಮಾತಾಡಿ ಒಂಚೂರು ಇಳಿಸೋಣ."

"ನಿನ್ನ ಜೊತೆ ಬಂದ್ರೆ ಕೊಳ್ಳೋರು ಬಂದ್ರು ಅಂತ ಇಡೀ ಬೀದಿ ಮುಖಕ್ಕೆ ಪೌಡರ್ ಹಚ್ಕೊಂಡು ನಿಂತಿರುತ್ತೆ. ನಾನು ಯಾರು ಅಂತ ಒಂದು ನರಪಿಳ್ಳೆಗೂ ತಿಳೀಬಾರದು. ಆ ಬ್ರೋಕರ್‌ಗೂ ಹೇಳ್ಬೇಡ."

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರ ಮೊದಲ ದಾಳಿ. ನರ್ಸಮ್ಮನ ಮನೆಯೆದುರು ಲೈಟುಕಂಬದ ಪಕ್ಕ ಛತ್ರಿ ಬಿಚ್ಚಿ ಕಾಲು ಗಂಟೆ ನಿಂತರು. ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು, ಮಕ್ಕಳು ರಸ್ತೆಯಲ್ಲೇ ಚೆಂಡು ಆಡುತ್ತಿದ್ದರು. ಬೀದಿ ಸಂಘದ ಕಾರ್ಯದರ್ಶಿಯಾದ ಮುದಿ ಡ್ರಿಲ್ ಮೇಷ್ಟ್ರು ಬೆಂಚಿನ ಮೇಲೆ ಕೂತು ಇವರನ್ನು ನೋಡಿ ನಕ್ಕರು. ಸಾಹೇಬರು ನಗಲಿಲ್ಲ. ಹೆಜ್ಜೆ ಹಾಕಿ ರಸ್ತೆಯ ಅಗಲ ಅಳೆದರು. ನಾಲ್ಕು ಮನೆಗಳ ನೀರಿನ ಮೀಟರಿನ ಮುಚ್ಚಳ ಎತ್ತಿ ನೋಡಿದರು. ಇಲ್ಲಿಯ ಜನ ಏನು ತಿನ್ನುತ್ತಾರೆಂದು ತಿಳಿಯಲು ಕಸದ ಡಬ್ಬಿಗಳಲ್ಲಿ ಇಣುಕಿದರು. ನರ್ಸಮ್ಮನ ಗೇಟು ಗಟ್ಟಿಯಿದೆಯೋ ಎಂದು ಎರಡು ಸಲ ಅಲ್ಲಾಡಿಸಿ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡು ಹೊರಟರು.

ಶನಿವಾರ ಸಂಜೆ ಎರಡನೇ ಭೇಟಿ. ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು, ಮೇಷ್ಟ್ರ ನಗೆಯೂ ಮಾಯವಾಗಿತ್ತು. "ವಾರದೊಳಗೆ ಎಷ್ಟು ಬದಲಾವಣೆ!" ಎಂದುಕೊಂಡ ಸಾಹೇಬರು ಯಾವ ಮನೆಗೆ ಎಷ್ಟು ಕಿಟಕಿ ಎಂದು ಬೆರಳು ತೋರಿಸಿ ಎಣಿಸಿದರು. ನರ್ಸಮ್ಮನ ಗೇಟನ್ನು ಮತ್ತೆ ಅಲ್ಲಾಡಿಸಿದರು. (ತಕ್ಕಡಿ ಒಂದು ಸಲ ಸರಿ ತೋರಿಸಿತೆಂದು ನಂಬುವುದುಂಟೇ?)

ಮೂರನೇ ಸಲ ಬೆಳಿಗ್ಗೆ ಆರಕ್ಕೇ ಹೋದಾಗ ನರ್ಸಮ್ಮನ ಗೇಟಿಗೆ ತೆಂಗಿನಕಾಯಿ ಗಾತ್ರದ ಹೊಸ ಬೀಗ, ಪಕ್ಕದ ಮನೆಯಲ್ಲಿ ಹೊಸ ನಾಯಿ. ಪರದೆಗಳು ತಮ್ಮಷ್ಟಕ್ಕೆ ಸರಿದಾಡುತ್ತಿದ್ದವು.

ಅವರು ಮನೆಗೆ ಬರುವಷ್ಟರಲ್ಲಿ ಅಮ್ಮಾವರು ಬಾಗಿಲಲ್ಲೇ ಕುಣಿಯುವಂತೆ ನಿಂತಿದ್ದರು. "ರೀ, ಬ್ರೋಕರ್ ಫೋನ್ ಮಾಡಿದ್ದ! ನರ್ಸಮ್ಮ ತಾನಾಗೇ ಬೆಲೆ ಇಳಿಸಿದಾರಂತೆ. ಈಗ ನಮ್ಮ ಕೈಗೆ ಸರಿಯಾಗಿ ಬಂತು!"

ಸಾಹೇಬರು ಕುರ್ಚಿಯಲ್ಲಿ ಒರಗಿ ಮೀಸೆ ತೀಡಿದರು. "ಕೇಳದೇ ಇಳಿಸಿದ್ರು ಅಂದ್ರೆ ಏನೋ ಇದೆ."

"ಏನಿದೆ?"

"ಅದೇ ಗೊತ್ತಾಗ್ಬೇಕು. ನಾನು ಕಣ್ಣಾರೆ ನೋಡ್ತಿದೀನಿ ಕಣೇ, ಆ ಬೀದಿ ದಿನೇ ದಿನೇ ಕೆಡ್ತಾ ಇದೆ. ಮೊದಲ ದಿನ ಬಾಗಿಲು ತೆಗೆದಿದ್ರು. ಈಗ ನಾಯಿ, ಬೀಗ! ಇನ್ನೊಂದ್ಸಲ ನೋಡೋಣ."

"ಅಳತೆ ತಗೊಂಡಿದ್ದು ಸಾಕು, ಇನ್ನು ಬಟ್ಟೆಗೆ ಕತ್ತರಿ ಹಾಕಿ ಅಂತೀನಿ ನಾನು!"

ಕತ್ತರಿ ಎಲ್ಲಿ ಬಂತು? ನಾಲ್ಕನೇ ಸಲ ಹೋದಾಗ ಎರಡು ಮನೆಗಳಲ್ಲಿ ಕಿಟಕಿಗೆ ಕಬ್ಬಿಣದ ಸರಳಿನ ವೆಲ್ಡಿಂಗ್ ನಡೆದಿತ್ತು. ಸಾಹೇಬರು ಕಂಬದ ಪಕ್ಕ ನಿಲ್ಲುತ್ತಲೇ ಎಲ್ಲಿಂದಲೋ ಯಾರೋ ಸೀಟಿ ಊದಿದರು. ತಾಯಂದಿರು ಮಕ್ಕಳನ್ನು ರಟ್ಟೆ ಹಿಡಿದು ಒಳಕ್ಕೆಳೆದುಕೊಂಡರು. ಒಂದು ನಿಮಿಷದಲ್ಲಿ ರಸ್ತೆಯಲ್ಲಿ ಉಳಿದವರು ಸಾಹೇಬರು ಮತ್ತು ಚೆಂಡು, ಇಬ್ಬರೇ. 'ಅಪರಾಧ ಮಿತಿಮೀರಿದೆ' ಎಂದು ಬರೆದುಕೊಂಡ ಸಾಹೇಬರು ಮೂಲೆಯ ಟೀ ಅಂಗಡಿಗೆ ಹೋಗಿ ಗುಟ್ಟಾಗಿ ವಿಚಾರಿಸಿದರು.

"ಈ ಕಡೆ ಕಳ್ಳರ ಕಾಟ ಇದೆಯೇನಪ್ಪಾ?"

ಟೀ ಅಂಗಡಿಯವನು ಛತ್ರಿಯ ತುದಿಯಿಂದ ಮೀಸೆಯ ತುದಿಯವರೆಗೆ ನಿಧಾನವಾಗಿ ನೋಡಿದ. "ಇಲ್ಲೀತನಕ ಇರ್ಲಿಲ್ಲ ಸ್ವಾಮಿ" ಎಂದ.

ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಅಂದೇ ಬೆಲೆ ಇನ್ನೊಮ್ಮೆ ಇಳಿದ ಸುದ್ದಿಯೂ ಬಂತು. ಸಾಹೇಬರು ಬೋಗುಣಿಯ ಮೇಲೆ ಕೈ ಕುಟ್ಟಿ ಅಂತಿಮ ತೀರ್ಪು ಕೊಟ್ಟರು. "ಪುಕ್ಕಟೆ ಕೊಟ್ರೂ ಬೇಡ! ಅದು ಕಳ್ಳರ ಬೀದಿ." ಅಮ್ಮಾವರು ತಲೆ ಬಗ್ಗಿಸಿ ಹೊಲಿಗೆ ಮುಂದುವರಿಸಿದರು. ಅವರು ಹೊಲಿಯುತ್ತಿದ್ದಾಗ ಮೌನವಾದರೆ ಎಚ್ಚರದಿಂದಿರಬೇಕು. ಆದರೆ ಸಾಹೇಬರಿಗೆ ಅನುಮಾನ ಬರಬೇಕಾದ ಕಡೆ ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಅವರು ನಿಶ್ಚಿಂತೆಯಿಂದ ನಾಲ್ಕು ದಿನದ ತಪಾಸಣೆಗೆಂದು ಪಕ್ಕದ ಊರಿಗೆ ಹೋದರು.

ಬರುವಷ್ಟರಲ್ಲಿ ಮನೆ ಕೊಂಡಾಗಿತ್ತು. ಜಂಟಿ ಉಳಿತಾಯದ ಜೊತೆಗೆ ಅಮ್ಮಾವರ ಯೂನಿಫಾರ್ಮ್ ದುಡ್ಡೂ ಸೇರಿ, ಮುಂಗಡ ಸಂದಾಯವಾಗಿ, ಕರಾರು ಪತ್ರಕ್ಕೆ ಸಹಿಯೂ ಬಿದ್ದಿತ್ತು.

"ನನ್ನ ಕೇಳದೆ?" ಸಾಹೇಬರು ಗುಡುಗಿದರು. "ಕಳ್ಳರ ಬೀದೀಲಿ?"

"ಕಳ್ಳರಲ್ಲ ರೀ, ಕಳ್ಳ. ಒಬ್ಬನೇ." ಅಮ್ಮಾವರು ಸೂಜಿಯಿಂದ ಕಣ್ಣೆತ್ತಲಿಲ್ಲ. "ಮೂರು ವಾರದಿಂದ ಬೀದೀಲಿ ಯಾವನೋ ಸುತ್ತುತ್ತಿದಾನಂತೆ. ನರ್ಸಮ್ಮನ ಗೇಟನ್ನೇ ಅಲ್ಲಾಡಿಸ್ತಾನಂತೆ. ಒಂಟಿ ಹೆಂಗಸು, ಪಾಪ, ನಿದ್ದೆ ಬಿಟ್ಟು ಸೊರಗಿ ಹೋಗಿದಾರೆ. ಹೆದರ್ಕೊಂಡೇ ಬೆಲೆ ಇಳಿಸಿ ಇಳಿಸಿ ಮಾರೋಕೆ ಹೊರಟಿದ್ದು."

"ನಾನು ಹೇಳ್ಲಿಲ್ವಾ! ಪೊಲೀಸರಿಗೆ ಹಿಡ್ಕೊಡೋದಲ್ವಾ ಅಂಥವನನ್ನ?"

"ಫೋಟೋ ಇದೆ. ಬೀದಿಯವರ ವಾಟ್ಸ್ಯಾಪ್ ಗುಂಪಿಗೆ ನನ್ನೂ ಸೇರಿಸ್ಕೊಂಡಿದಾರೆ. ಪುಟ್ಟೀ, ಅಪ್ಪಂಗೆ ತೋರ್ಸೇ."

ಮಗಳು ಫೋನು ಹಿಡಿದು ಬಂದಳು. ಪರದೆಯ ಸಂದಿಯಿಂದ ತೆಗೆದ ಚಿತ್ರ, ಮಸುಕಾಗಿತ್ತು. ಕೆಳಗೆ ಮೇಷ್ಟ್ರ ಬರಹ: 'ಎಚ್ಚರಿಕೆ. ವಯಸ್ಸು ಸುಮಾರು ಐವತ್ತು. ದಪ್ಪ ಮೀಸೆ. ಮಳೆ ಇಲ್ಲದಿದ್ದರೂ ಛತ್ರಿ. ಕಸದ ಡಬ್ಬಿಯಲ್ಲಿ ಕೈ ಹಾಕುತ್ತಾನೆ. ಮಕ್ಕಳನ್ನು ಹೊರಗೆ ಬಿಡಬೇಡಿ.'

"ಅಪ್ಪಾ, ಈ ಛತ್ರಿಗೂ ಕೆಂಪು ಹೂವಿನ ತೇಪೆ ಇದೆ" ಎಂದಳು ಮಗಳು. "ಅಮ್ಮ ಹಾಕಿದ್ ಥರಾನೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಾಹೇಬರ ಕೈ ತಾನಾಗಿ ಮೀಸೆಗೆ ಹೋಯಿತು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಯಾರಿಗೂ ಕೆಟ್ಟದ್ದು ಬಯಸದ ಒಬ್ಬ ಮುದುಕಿ ತನ್ನ ದೆಸೆಯಿಂದ ಬಾಗಿಲ ಹಿಂದೆ ನಡುಗಿದ್ದಳಲ್ಲ! ಆದರೆ ಅದೇ ಗಳಿಗೆಯಲ್ಲಿ, ಮನಸ್ಸಿನ ಮೂಲೆಯಲ್ಲೆಲ್ಲೋ, 'ಬೆಲೆ ಮಾತ್ರ ಚೆನ್ನಾಗಿ ಇಳೀತು' ಎಂಬ ಸಣ್ಣ ಸಂತೋಷವೂ ಮಿಣುಕಿತು. ಅಮ್ಮಾವರಿಗೆ ಅದು ಮುಖದಲ್ಲೇ ಕಂಡಿತು.

"ಖುಷಿ ಪಡ್ಬೇಡಿ. ಆ ಫೋಟೋ ನೋಡಿದ್ದೇ ತಡ, ಮೊದಲು ಎಷ್ಟು ಹೇಳಿದ್ರೋ ಅಷ್ಟಕ್ಕೇ ಬರೆಸಿದೆ. ಗ್ರಾಂ ಕಡಿಮೆ ತೂಗಿದ್ರೆ ಊರೋರಿಗೆಲ್ಲ ದಂಡ ಹಾಕ್ತೀರಲ್ಲ, ಹೆದರಿಸಿ ಬೆಲೆ ಇಳಿಸಿದ್ದು ಯಾವ ತೂಕ ರೀ?"

"ಅಷ್ಟು ದುಡ್ಡು ಎಲ್ಲಿಂದ ಬಂತು?" ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ನಿಮ್ಮ ಸ್ಕೂಟರ್ ಮಾರ್ಬಿಟ್ಟೆ. ಹೊರಗೆ ನಿಂತಿಲ್ಲ, ಬರ್ತಾ ನೋಡ್ಲಿಲ್ವಾ? ಇಡೀ ಲೋಕ ನೋಡ್ತೀರಿ!"

"ಹಾಗಾದ್ರೆ... ಅದು ನಾನೇ ಅಂತ ಅಲ್ಲಿ ಹೇಳ್ಬಿಟ್ಯಾ?"

"ಹೇಳಿದ್ರೆ ನಾಳೆ ಆ ಬೀದೀಲಿ ಮಗಳು ತಲೆ ಎತ್ತಿ ಓಡಾಡೋದು ಹೇಗೆ? ಮೊದಲು ಆ ಮೀಸೆ ಬೋಳಿಸಿ."

ಬೋಳಿಸಿದರು. ಅದೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ ಕೂತು, ಬೋಗುಣಿಗೆ ನೀರು ಹಾಕಿಕೊಂಡು. ಮೇಲ್ತುಟಿ ಇಷ್ಟು ಅಗಲವಿದೆಯೆಂದು ಮನೆಯವರಿಗೆ ಅಂದೇ ಗೊತ್ತಾದದ್ದು. ಛತ್ರಿಯನ್ನು ಅಮ್ಮಾವರು ಕತ್ತರಿಸಿ ಹೊಲಿಗೆ ಯಂತ್ರಕ್ಕೆ ಹೊದಿಕೆ ಮಾಡಿದರು, ತೇಪೆ ಒಳಗಡೆಗೆ ಬರುವಂತೆ.

ಸಾಮಾನು ಇಳಿಸಿದ ದಿನವೇ ಡ್ರಿಲ್ ಮೇಷ್ಟ್ರು ಮನೆಗೆ ಬಂದರು. ಸಾಹೇಬರ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ದಿಟ್ಟಿಸಿದರು. ಸಾಹೇಬರು ಮೇಲ್ತುಟಿಯನ್ನು ಕೈಯಿಂದ ಮುಚ್ಚಿಕೊಂಡರು.

"ಸಾರ್, ನೀವು ಇನ್ಸ್‌ಪೆಕ್ಟರಂತೆ. ನಿಮ್ಮ ಕಣ್ಣು ತುಂಬಾ ಚುರುಕು ಅಂತ ನಿಮ್ಮನೆಯವರು ಹೇಳಿದ್ರು. ಮನೆಗೊಬ್ಬರಂತೆ ಕಾವಲಿಗೆ ನಿಲ್ತಿದೀವಿ. ಸಂಜೆ ಐದರಿಂದ ಆರು ನಿಮ್ಮ ಪಾಳಿ." ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದರು. "ಆ ಬದ್ಮಾಷ್ ಕಂಡ್ರೆ ಗುರುತು ಹಿಡೀತೀರಾ?"

"ಹಿಡೀತಾರೆ" ಎಂದು ಒಳಗಿನಿಂದ ಅಮ್ಮಾವರ ದನಿ ಬಂತು. "ಇವ್ರಷ್ಟು ಚೆನ್ನಾಗಿ ಯಾರೂ ಹಿಡಿಯಲ್ಲ."

ಹೀಗೆ ಸಾಹೇಬರು ಪ್ರತಿ ಸಂಜೆ ಕೊರಳಿಗೆ ಸೀಟಿ ಹಾಕಿಕೊಂಡು ಅದೇ ಕಂಬದ ಪಕ್ಕ ನಿಂತು, ತಮ್ಮನ್ನು ತಾವೇ ಹುಡುಕತೊಡಗಿದರು. ಕಳ್ಳ ಮತ್ತೆ ಕಾಣಿಸಲೇ ಇಲ್ಲ. ತಿಂಗಳೊಳಗೆ ಬಾಗಿಲುಗಳು ತೆರೆದವು, ಮಕ್ಕಳು ಚೆಂಡಿನೊಂದಿಗೆ ಹೊರಬಂದರು. ತಂಗಿಯ ಊರಿನಿಂದ ನರ್ಸಮ್ಮ ಫೋನ್ ಮಾಡಿ, "ಇಳಿಸಿದ ಬೆಲೆ ಬೇಡ ಅಂತ ಪೂರ್ತಿ ಕೊಟ್ರಲ್ಲ, ನಿಮ್ಮ ಯಜಮಾನ್ರು ದೇವರಂಥೋರು ತಾಯಿ" ಎಂದರು. ಅಂದು ಸಾಹೇಬರಿಗೆ ಊಟ ಸೇರಲಿಲ್ಲ. ನರ್ಸಮ್ಮ ಮೊದಲು ಹೇಳಿದ್ದ ಬೆಲೆಗಿಂತ ಹೆಚ್ಚಿನ ಬೆಲೆ ಪಕ್ಕದ ಮನೆಗೆ ಬಂತೆಂದು ಸುದ್ದಿಯಾಯಿತು. ಬೀದಿ ಸಂಘ ಸಭೆ ಸೇರಿ, ಈ ಕಾವಲು ಇನ್ನು ಮುಂದೆ ಖಾಯಂ ಆಗಿ ಸಾಹೇಬರದ್ದೇ ಎಂದು ಚಪ್ಪಾಳೆ ತಟ್ಟಿ ತೀರ್ಮಾನಿಸಿತು.

ಮೊದಲ ಮಳೆ ಬಂದದ್ದು ಒಂದು ಸಂಜೆ ಐದೂಕಾಲಿಗೆ. ಸಾಹೇಬರು ಕಂಬದ ಪಕ್ಕ ನೆನೆದು ತೊಪ್ಪೆಯಾಗಿ ನಿಂತಿದ್ದರು. ದೊಡ್ಡ ಕಿಟಕಿಯ ಹಿಂದೆ, ದೀಪವಿಲ್ಲದ ಬೆಳಕಿನಲ್ಲಿ, ಅಮ್ಮಾವರ ಯಂತ್ರ ಸಲೀಸಾಗಿ ಓಡುತ್ತಿತ್ತು. ಮೇಷ್ಟ್ರಿಗೆ ನೋಡಲಾಗಲಿಲ್ಲ. ತಮ್ಮ ಛತ್ರಿ ಬಿಚ್ಚಿಕೊಂಡು ಓಡಿಬಂದರು.

"ಏನ್ ಸಾರ್ ಇದು, ಹೀಗೆ ನೆನೀತಿದೀರಾ! ತಗೊಳ್ಳಿ, ಇದನ್ನ ಹಿಡ್ಕೊಳ್ಳಿ."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಮೇಷ್ಟ್ರೇ, ಬೇಡ" ಎಂದರು, ಬೋಳು ತುಟಿಯ ಮೇಲಿನ ನೀರು ಒರೆಸಿಕೊಳ್ಳುತ್ತ. "ನನಗೆ ಛತ್ರಿ ಹಿಡಿದು ಅಭ್ಯಾಸವೇ ಇಲ್ಲ."