ರೋಮ್‌ನಲ್ಲಿ ಖೈರುನ್ನಿಸಾಳ ಬೂಟು

ಪಾದರಕ್ಷೆಯ ವಿಷಯದಲ್ಲಿ ದೇವರು ನನಗೆ ಯಾವತ್ತೂ ಕಡಿಮೆ ಮಾಡಿಲ್ಲ. ಹುಬ್ಬಳ್ಳಿಯ ಮಠದ ಮುಂದೆ ಬಿಟ್ಟ ಚಪ್ಪಲಿ ಬಿಟ್ಟಲ್ಲೇ ಸಿಕ್ಕಿದೆ. ನಾವಿರುವ ಅಬುಧಾಬಿಯಿಂದ ದುಬೈಗೆ ಹೋಗಿ, ಶುಕ್ರವಾರದ ಗದ್ದಲದಲ್ಲಿ ಗುಡಿಯ ಓಣಿಯಲ್ಲಿ ಬಿಟ್ಟಿದ್ದೂ ಸಿಕ್ಕಿದೆ. ಹೀಗಿರುವಾಗ ರೋಮ್ ಯಾವ ಲೆಕ್ಕ?

ಆ ಬೇಸಿಗೆ ನಮ್ಮ ಯಜಮಾನರನ್ನು ಕಂಪನಿಯವರು ತರಬೇತಿಗೆಂದು ರೋಮ್‌ಗೆ ಕಳಿಸಿದರು. ಅವರ ಬೆನ್ನಿಗೆ ನಾನೂ ಮಗಳು ಅಂಜುವೂ ಹೊರಟೆವು. ಅಲ್ಲಿಯದು ಕಲ್ಲುಹಾಸಿನ ರಸ್ತೆ, ಚಪ್ಪಲಿ ನಡೆಯುವುದಿಲ್ಲ ಎಂದು ತಿಳಿದು, ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಮನೆಯಲ್ಲಿದ್ದ ಭಟ್ಕಳದ ಖೈರುನ್ನಿಸಾ ತನ್ನ ಕರಿ ಬೂಟು ತಂದುಕೊಟ್ಟಳು. ಮಂಡಿನೋವಿಗೆ ಡಾಕ್ಟರು ಹೇಳಿ ತರಿಸಿದ ಬೂಟು. ದಿನಾ ಸಂಜೆ ಅದನ್ನು ಹಾಕಿಕೊಂಡೇ ಅವಳು ಕಾರ್ನಿಷ್‌ನಲ್ಲಿ ಸಮುದ್ರದ ಪಕ್ಕ ನಡೆಯುತ್ತಿದ್ದಳು.

“ನೀವು ಬರೋತನಕ ನಾನು ನಡೆಯೋದಿಲ್ಲ, ವೈನಿ. ನನ್ನ ಪಾಲಿಂದೂ ನೀವೇ ನಡೆದು ಬನ್ನಿ,” ಎಂದಳು.

ಆ ಬೂಟನ್ನು ಹೇಗಿತ್ತೋ ಹಾಗೇ ತಂದೊಪ್ಪಿಸುವುದು ನನ್ನ ಧರ್ಮ ಎಂದು ದೇವರ ಮುಂದೆ ಹೇಳಿಕೊಂಡು ವಿಮಾನ ಹತ್ತಿದೆ.

ತರಬೇತಿಗೆ ರಜೆ ಸಿಕ್ಕ ದಿನ ಯಜಮಾನರು ನಮಗೆ ಊರು ತೋರಿಸಲು ಹೊರಟರು. ಮೊದಲು ಪ್ಯಾಂಥಿಯನ್. ಕತ್ತು ನೋಯುವಷ್ಟು ಎತ್ತರದ ಕಂಬಗಳು. ಇದು ಹಿಂದೆ ಎಲ್ಲ ದೇವರಿಗೂ ಸೇರಿಸಿ ಕಟ್ಟಿದ್ದ ಗುಡಿ ಎಂದು ಯಜಮಾನರು ಪುಸ್ತಕ ನೋಡಿ ಓದಿದರು. ಅವರು ಓದಿ ಮುಗಿಸುವಷ್ಟರಲ್ಲಿ ನಾನು ಬೂಟು ಬಿಚ್ಚಿ ಕಂಬದ ಬುಡದಲ್ಲಿ ಇಟ್ಟಾಗಿತ್ತು!

“ಏ, ಇಲ್ಲೆ ಯಾರೂ ಬಿಚ್ಚೂದಿಲ್ಲ,” ಎಂದರು.

“ಎಲ್ಲಾ ದೇವರ ಗುಡಿ ಅಂತ ಈಗ ನೀವ ಓದಿದ್ರಿ. ಒಬ್ಬ ದೇವರಿಗೇ ಬಿಚ್ಚಾಕಿ, ಅಷ್ಟೂ ದೇವರಿಗೆ ಬಿಚ್ಚಬಾರದೇನ್ರಿ?”

ಅವರು ಮತ್ತೆ ಪುಸ್ತಕದ ಪುಟ ತಿರುವಿದರು. ಅಂಜು ಮಾತ್ರ “ಮಮ್ಮಿ, ಪ್ಲೀಸ್, ನಾಟ್ ಹಿಯರ್” ಎಂದು ದೂರ ಸರಿದು, ಬೇರೆ ಯಾರದೋ ಮಗಳಂತೆ ನಿಂತಳು.

ಒಳಗೆ ಗುಮ್ಮಟದ ನಡುವೆ ದೊಡ್ಡ ಕಿಂಡಿ, ಅದರಿಂದ ಕೋಲಿನಂತೆ ಇಳಿದ ಬಿಸಿಲು. ಬರಿಗಾಲಿಗೆ ತಣ್ಣನೆಯ ನೆಲ. ಕೈಮುಗಿದೆ. ಮನಸ್ಸು ತುಂಬಿತು. ಹೊರಗೆ ಬಂದೆ.

ಕಂಬದ ಬುಡದಲ್ಲಿ ಬೂಟುಗಳ ರಾಶಿ! ನನ್ನ ಜೋಡಿಯನ್ನು ಕಂಡ ಜಪಾನಿನ ಹಿರಿಯರ ತಂಡವೊಂದು, ಇಲ್ಲಿಯ ಪದ್ಧತಿ ಹೀಗೇ ಎಂದು ನಂಬಿ, ಸಾಲಾಗಿ ಬಿಚ್ಚಿಟ್ಟು ಒಳಗೆ ಹೋಗಿ ಬಂದಿತ್ತು. ಕಾವಲಿನವನು ಕೈ ಬೀಸುತ್ತ ಬೇಗ ಬೇಗ ಎನ್ನುತ್ತಿದ್ದ. ಅವರೆಲ್ಲ ಕೈಗೆ ಸಿಕ್ಕಿದ್ದರಲ್ಲಿ ಕಾಲು ತೂರಿಸಿಕೊಂಡು ಓಡಿದರು. ಕೊನೆಗೆ ಉಳಿದದ್ದು ಒಂದೇ ಜೋಡಿ. ಕರಿಯದೇ. ಆದರೆ ಅಂಜುಗೂ ಆಗದಷ್ಟು ಚಿಕ್ಕದು!

ಹೊಸದು ಕೊಡಿಸಿದರಾಯಿತು, ಖಲಾಸ್ ಎಂದು ಯಜಮಾನರು ಸಮಾಧಾನ ಹೇಳಿದರು. ಖೈರುನ್ನಿಸಾಳ ಮಂಡಿಯ ಪಾಡು ಅವರಿಗೇನು ಗೊತ್ತು? ನನಗೆ ಅದೇ ಬೂಟು ಬೇಕಿತ್ತು. ಅರ್ಧ ಪಾದ ಒಳಗೆ, ಹಿಮ್ಮಡಿ ಹೊರಗೆ ಮಾಡಿಕೊಂಡು ಹೊರಟೆ. ಪುಣ್ಯಕ್ಕೆ ಮಳೆ ಇರಲಿಲ್ಲ. ಪುಣ್ಯಕ್ಕೆ ಬೊಬ್ಬೆ ಎದ್ದದ್ದೂ ಒಂದೇ ಕಾಲಿಗೆ.

ಅಲ್ಲಿಂದಾಚೆಗೆ ಜಗತ್ಪ್ರಸಿದ್ಧ ರೋಮ್ ನಗರದಲ್ಲಿ ನಾನು ವೀಕ್ಷಿಸಿದ್ದು ಪಾದಗಳನ್ನು. ಕೊಲೋಸಿಯಂ ಎದುರು ಯಜಮಾನರು ರಾಜರ ಕಥೆ ಹೇಳುತ್ತ ಫೋಟೋ ತೆಗೆದರು. ನಾನು ಸಾಲಿನಲ್ಲಿ ನಿಂತವರ ಕಾಲು ನೋಡಿದೆ. ಒಂದು ಕಡೆ ಕರಿ ಬೂಟಿನ ಜೋಡಿಯೊಂದನ್ನು ಹಿಂಬಾಲಿಸಿ, ಅದು ನಿಂತಲ್ಲಿ ಬಗ್ಗಿ ನೋಡಿ, ತಲೆ ಎತ್ತಿದರೆ ಒಬ್ಬ ಪಾದ್ರಿ! ನಾನು ಕಾಲಿಗೆ ಬೀಳಲು ಬಂದೆನೆಂದು ತಿಳಿದು ಆಶೀರ್ವಾದ ಮಾಡಿದರು. ಬಂದ ಆಶೀರ್ವಾದವನ್ನು ಬೇಡ ಎನ್ನಲಾದೀತೆ? ಪಡೆದುಕೊಂಡೆ.

ಅದೇ ಕೈಹಿಡಿಯಿತು. ಮಧ್ಯಾಹ್ನ ದೊಡ್ಡ ಕಾರಂಜಿಯ ಬಳಿ ಜನರು ಬೆನ್ನು ತಿರುಗಿಸಿ ನಾಣ್ಯ ಎಸೆಯುತ್ತಿದ್ದರು. ನಾನು ಗಣಪ್ಪನಿಗೆ ಕಡುಬು ಹೇಳಿಕೊಂಡೆ. ಕಣ್ಣು ತೆರೆಯುವ ಮುಂಚೆಯೇ ‘ಟಪ್, ಟಪ್’ ಎಂದು ಕೇಳಿಸಿತು. ಗುಬ್ಬಿಯಂಥ ಜಪಾನಿ ಅಜ್ಜಿಯೊಬ್ಬರು ಖೈರುನ್ನಿಸಾಳ ಬೂಟನ್ನು ಎಳೆದುಕೊಂಡು ಬರುತ್ತಿದ್ದರು! ಅವರ ದೃಷ್ಟಿಯೂ ಜನರ ಕಾಲುಗಳ ಮೇಲೇ ಇತ್ತು. ಇಬ್ಬರೂ ಕಾರಂಜಿಯ ಕಟ್ಟೆಯ ಮೇಲೆ ಕುಳಿತು ಅದಲುಬದಲು ಮಾಡಿಕೊಂಡೆವು. ಅವರು ಬಾಗಿದರು, ನಾನು ಬಾಗಿದೆ, ಅವರು ಇನ್ನಷ್ಟು ಬಾಗಿದರು. ಯಜಮಾನರು ಬಂದು ಬಿಡಿಸಬೇಕಾಯಿತು.

ಅಬುಧಾಬಿಗೆ ಬಂದವಳೇ ಬೂಟು ಒರೆಸಿ ಒಪ್ಪಿಸಿ, ನಡೆದದ್ದನ್ನೆಲ್ಲ ಬಾಗಿಲಲ್ಲೇ ಹೇಳಿದೆ. ಖೈರುನ್ನಿಸಾ ನಕ್ಕು ನಕ್ಕು ಹೊಸ್ತಿಲ ಮೇಲೇ ಕುಳಿತಳು.

ಫೋಟೋ ತೊಳೆಸಿದ ಮೇಲೆ ಆಲ್ಬಂ ಹಿಡಿದು ಮತ್ತೆ ಅವಳ ಮನೆಗೆ ಹೋದೆ. ಭಟ್ಕಳದಿಂದ ಅಂದೇ ಬಂದಿದ್ದ ಅವಳ ಅತ್ತೆ ಒಂದೊಂದೇ ಪುಟ ತಿರುವಿದರು. ಕೊಲೋಸಿಯಂ ಮುಂದೆ ನಾನು ನೆಲ ನೋಡುತ್ತಿದ್ದೇನೆ. ಸೇತುವೆಯ ಮೇಲೆ ನೆಲ ನೋಡುತ್ತಿದ್ದೇನೆ. ದೊಡ್ಡ ಚರ್ಚಿನ ಮುಂದೆಯೂ ನೆಲ!

“ನೋಡು ಖೈರೂ,” ಎಂದರು ಅತ್ತೆ, ಕನ್ನಡಕ ಸರಿಪಡಿಸಿಕೊಂಡು. “ಪರದೇಶಕ್ಕೆ ಹೋದ್ರೂ ಇವರು ಒಂದು ಫೋಟೋದಲ್ಲೂ ತಲೆ ಎತ್ತಲಿಲ್ಲ. ಹೆಂಗಸು ಅಂದ್ರೆ ಹೀಗಿರಬೇಕು.”

ಖೈರುನ್ನಿಸಾ ದುಪಟ್ಟಾ ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯವರು ಹರಸಲು ಕೈ ಎತ್ತಿದ್ದರು.

ಇನ್ನೇನು ಮಾಡಲಿ? ತಲೆ ತಗ್ಗಿಸಿದೆ.